ವಯಸ್ಸಾದ ದಪ್ಪ ಬೆಕ್ಕಿಗೆ ಪೌಚ್ ಆಹಾರ ಕೊಳ್ಳುವ ಮುನ್ನ

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯ ಬೆಕ್ಕು ಗೌರಿಗೆ ಈಗ 11 ವರ್ಷ, ತೂಕ 6.5 ಕಿಲೋ. ಕಟ್ಟೆ ಏರುವ ಮೊದಲು ಮುಂಗಾಲೆರಡನ್ನು ಊರಿ, ಮೇಲೆ ನೋಡುತ್ತಾ ನಿಂತುಬಿಡುತ್ತಿದ್ದಳು. ಅದನ್ನು ನೋಡಲಾಗದೆ ಆಹಾರ ಬದಲಿಸಿದೆ. ಕಲಿತದ್ದನ್ನು ಹೇಳುತ್ತೇನೆ.

ಪೌಚಿನ ಮುಂಭಾಗದ 'ಲೈಟ್' ಎಂಬ ಮಾತನ್ನು ನಂಬಬೇಡಿ, ಹಿಂಭಾಗದ ಅಂಕಿಗಳನ್ನು ಓದಿ. ಕೊಬ್ಬು ಶೇ. 5 ಎಂದಿದ್ದರೆ ಕಡಿಮೆಯೆನಿಸುತ್ತದೆ. ಆದರೆ ಪೌಚಿನ ಹಸಿ ಆಹಾರದಲ್ಲಿ ಶೇ. 80ರಷ್ಟು ನೀರೇ ಇರುತ್ತದೆ. ಉಳಿದ 20 ಭಾಗದಲ್ಲಿ 5 ಭಾಗ ಕೊಬ್ಬು, ಅಂದರೆ ಕಾಲು ಪಾಲು! ಅಷ್ಟೇ ನೀರಿದ್ದು ಕೊಬ್ಬು ಶೇ. 2 ಇದ್ದರೆ ಲೆಕ್ಕ ಶೇ. 10ಕ್ಕೆ ಇಳಿಯುತ್ತದೆ. ಅಂಥದ್ದನ್ನೇ ಆರಿಸಿ. ಕೊಬ್ಬಿನ ಮುಂದೆ 'ಕನಿಷ್ಠ' ಎಂದಿದ್ದರೆ ನಿಜವಾದ ಪ್ರಮಾಣ ಹೆಚ್ಚೂ ಇರಬಹುದು, ಆದ್ದರಿಂದ ಕ್ಯಾಲೊರಿಯನ್ನೂ ನೋಡಿ. ಪ್ರೋಟೀನ್ ಮಾತ್ರ ಕಡಿಮೆಯಾಗಬಾರದು, ಮುದಿ ಬೆಕ್ಕಿನ ಮಾಂಸಖಂಡ ಬೇಗ ಕರಗುತ್ತದೆ.

ಮೊದಲು ವೈದ್ಯರಲ್ಲಿ ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹಳೆಯ ಆಹಾರಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಹತ್ತು ದಿನ ತೆಗೆದುಕೊಳ್ಳಿ. ದಯವಿಟ್ಟು ಉಪವಾಸ ಕೆಡವಬೇಡಿ: ದಪ್ಪ ಬೆಕ್ಕು ಕೆಲವೇ ದಿನ ಉಣ್ಣದಿದ್ದರೂ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು. ವಾರಕ್ಕೆ ತೂಕದ ಶೇ. 1 ಇಳಿದರೆ ಸಾಕು. ಗೌರಿಗೆ ಅದು 65 ಗ್ರಾಂ.

ಮಳೆಗಾಲದಲ್ಲಿ ಫ್ರಿಜ್‌ನಿಂದ ತೆಗೆದ ತಣ್ಣನೆಯ ಪೌಚನ್ನು ಗೌರಿ ಮೂಸಿಯೂ ನೋಡುವುದಿಲ್ಲ. ಎರಡು ಚಮಚ ಬಿಸಿನೀರು ಬೆರೆಸಿದರೆ ಪರಿಮಳ ಏಳುತ್ತದೆ, ಬಟ್ಟಲು ಖಾಲಿಯಾಗುತ್ತದೆ. ಹಾಲಿನ ಕೆನೆ, ಕುಂದಾದ ಡಬ್ಬಿ ನೆಕ್ಕಿಸುವುದನ್ನು ಮನೆಯವರೆಲ್ಲ ನಿಲ್ಲಿಸಿದ್ದೇವೆ.