ಜಾಮ್‌ಗೆ ಬೂಷ್ಟು ಬರದಿರಲು

ಮನೇಲಿ ಅನಾನಸ್ ಜಾಮ್ ಮಾಡುವವರು ಬಾಟಲಿ ಕಡೆ ಸ್ವಲ್ಪ ಜಾಸ್ತಿ ಗಮನ ಕೊಡಿ. ಕಳೆದ ಮಳೆಗಾಲದಲ್ಲಿ ನಮ್ಮ ಎರಡು ಬಾಟಲಿ ಹಾಳಾದವು. ಮುಚ್ಚಳ ತೆಗೆದರೆ ಅಂಚಿನ ಸುತ್ತ ಬಿಳಿ ಬೂಷ್ಟು! ಅಂಚಿಗೆ ಅಂಟಿದ ಜಾಮ್ ಒರೆಸದೆ ಮುಚ್ಚಿದ್ದೆ, ಮುಚ್ಚಳ ಬಿಗಿಯಾಗಿ ಕೂತಿರಲಿಲ್ಲ.

ಈಗ ಗಾಜಿನ ಬಾಟಲಿಗಳನ್ನು 10 ನಿಮಿಷ ನೀರಲ್ಲಿ ಕುದಿಸಿ, ಬಿಸಿ ಇರುವಾಗಲೇ ಬಿಸಿ ಜಾಮ್ ತುಂಬುತ್ತೇನೆ. ತಣ್ಣಗಿನ ಬಾಟಲಿಗೆ ಹಾಕಿದರೆ ಗಾಜು ಒಡೆಯಬಹುದು, ಹುಷಾರು. ಮೇಲೆ ಕಾಲು ಇಂಚು ಜಾಗ ಬಿಡಿ. ಅಂಚು ಒರೆಸಿ, ಹೊಸ ಮುಚ್ಚಳ ಹಾಕಿ, ಬಾಟಲಿ ಪೂರ್ತಿ ಮುಳುಗುವಷ್ಟು ಕುದಿಯುವ ನೀರಲ್ಲಿ ಮತ್ತೆ 10 ನಿಮಿಷ ಇಡಿ.

ಆರಿದ ಮೇಲೆ ಮುಚ್ಚಳದ ನಡುವೆ ಒತ್ತಿ ನೋಡಿ. ಟಕ್ ಅಂತ ಒಳಗೆ ಹೋಗಿ ಮೇಲೆ ಬಂದರೆ ಸೀಲ್ ಆಗಿಲ್ಲ. ಅದನ್ನು ಫ್ರಿಜ್‌ನಲ್ಲಿಟ್ಟು ಮೊದಲು ಮುಗಿಸಿ. ತೆರೆದ ಬಾಟಲಿಗೆ ಒಣ ಚಮಚ ಮಾತ್ರ. ಬೂಷ್ಟು ಕಂಡರೆ ಮೇಲಿನದನ್ನಷ್ಟೇ ಕೆರೆದು ತಿನ್ನಬೇಡಿ, ಪೂರ್ತಿ ಎಸೆದುಬಿಡಿ.