ಮಕ್ಕಳ ಬಟ್ಟೆ: ಎಲ್ಲಿ ಕೈ ಬಿಚ್ಚಬೇಕು, ಎಲ್ಲಿ ಬಿಗಿ ಹಿಡಿಯಬೇಕು

ಜರಿ ಹಚ್ಚಿದ 1,800 ರೂಪಾಯಿಯ ಫ್ರಾಕು ಒಂದು ಕಡೆ, 900 ರೂಪಾಯಿಯ ಶಾಲೆ ಶೂ ಇನ್ನೊಂದು ಕಡೆ. ತುಟ್ಟಿ ಯಾವುದು? ಫ್ರಾಕನ್ನು ದೀಪಾವಳಿಗೆ, ಕೊಪ್ಪಳದ ಗವಿಮಠದ ಜಾತ್ರೆಗೆ, ಯುಗಾದಿಗೆ, ಬೇಸಿಗೆಯ ಒಂದು ಮದುವೆಗೆ ಹಾಕಿದರೆ ಸಲಕ್ಕೆ 450 ರೂಪಾಯಿ ಬಿತ್ತು. ಮುಂದಿನ ದೀಪಾವಳಿಗೆ ಅದು ಬೆನ್ನಿನ ಹತ್ತಿರ ಕೂಡುವುದಿಲ್ಲ. ಶೂ 200 ದಿನ ತಡೆದರೆ ದಿನಕ್ಕೆ ನಾಲ್ಕೂವರೆ ರೂಪಾಯಿ. ನಮ್ಮ ಮನೆಗಳಲ್ಲಿ ಚೌಕಾಸಿ ನಡೆಯುವುದು ಮಾತ್ರ ಶೂ ಅಂಗಡಿಯಲ್ಲೇ.

ಮೊದಲ ಹೆಜ್ಜೆ: ಯಾವುದು ಮೊದಲು ಮುಗಿಯುತ್ತದೆ?

ಮಕ್ಕಳ ಯಾವುದೇ ವಸ್ತು ಎರಡೇ ರೀತಿಯಲ್ಲಿ ಮುಗಿಯುತ್ತದೆ. ಒಂದೋ ಅದು ಹರಿಯುತ್ತದೆ, ಇಲ್ಲವೇ ಮಗುವಿಗೆ ಗಿಡ್ಡವಾಗುತ್ತದೆ. ಕೊಳ್ಳುವ ಮುಂಚೆ ಇವೆರಡರಲ್ಲಿ ಯಾವುದು ಮೊದಲು ಬರುತ್ತದೆ ಎಂದು ಯೋಚಿಸಿ. ಗಿಡ್ಡವಾಗುವುದು ಮೊದಲಾದರೆ ಸೋವಿಯದನ್ನೇ ತನ್ನಿ. ಹರಿಯುವುದು ಮೊದಲಾದರೆ ಹೆಚ್ಚು ಕೊಟ್ಟ ದುಡ್ಡು ವಾಪಸ್ ಬರುತ್ತದೆ.

ಮೊದಲ ವರ್ಷ ಕೂಸಿನ ಅಂಗಿ ಎರಡು ಮೂರು ತಿಂಗಳಿಗೇ ಬಿಗಿಯಾಗುತ್ತದೆ, ಹರಿಯಲು ಅದಕ್ಕೆ ಪುರಸೊತ್ತೇ ಇರುವುದಿಲ್ಲ. ಆದ್ದರಿಂದ ಅಲ್ಲಿ ಗಟ್ಟಿತನಕ್ಕೆ ದುಡ್ಡು ಕೊಡಬೇಡಿ, ಮೆತ್ತಗಿದ್ದರೆ ಸಾಕು. ಐದರಿಂದ ಹನ್ನೆರಡು ವರ್ಷದವರದ್ದು ಇದಕ್ಕೆ ಉಲ್ಟಾ. ಅವರ ಚಡ್ಡಿಯ ಕುಂಡೆ, ಪ್ಯಾಂಟಿನ ಮೊಣಕಾಲು, ಶೂದ ಮೂತಿ, ಚೀಲದ ತಳ ಮೈ ಬೆಳೆಯುವುದಕ್ಕಿಂತ ಬೇಗ ಸವೆಯುತ್ತವೆ. ಬೆಲೆ ನೋಡಿ ಖರೀದಿಸಬೇಕಾದದ್ದಲ್ಲ, ಬೆಲೆ ಮರೆತು ಖರೀದಿಸಬೇಕಾದದ್ದು ಒಂದೇ: ಹೆಲ್ಮೆಟ್. ಅದರ ಮಾತು ಮುಂದೆ ಬರುತ್ತದೆ.

ಎರಡನೆಯದು: ಬಟ್ಟೆ ಪರೀಕ್ಷೆ

ಬ್ರ್ಯಾಂಡಿನ ಚೀಟಿ ಬಟ್ಟೆಯ ಗುಣ ಹೇಳುವುದಿಲ್ಲ, ಕೈ ಹೇಳುತ್ತದೆ. ಅಂಗಡಿಯಲ್ಲೇ ಐದು ನಿಮಿಷದಲ್ಲಿ ಇಷ್ಟು ನೋಡಿ.

ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ನೂಲಿನ ನಡುವೆ ಅಲ್ಲಲ್ಲಿ ತೂತಿನಂತೆ ಬೆಳಕು ಚುಚ್ಚಿದರೆ ನೇಯ್ಗೆ ಸಡಿಲ ಎಂದರ್ಥ. ಹೊಲಿಗೆಯ ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆಯಿರಿ. ನಡುವೆ ದಾರದ ಏಣಿ ಕಂಡರೆ ಆ ಹೊಲಿಗೆ ಎರಡು ತಿಂಗಳು ಬಾಳುವುದಿಲ್ಲ. ಒಂದು ಇಂಚಿಗೆ ಹತ್ತರಿಂದ ಹನ್ನೆರಡು ಹೊಲಿಗೆ ಇದ್ದರೆ ಒಳ್ಳೆಯದು. ಆರೇಳು ಮಾತ್ರ ಇದ್ದರೆ ಯಾರೋ ಗಡಿಬಿಡಿಯಲ್ಲಿ ಹೊಲಿದು ಮುಗಿಸಿದ್ದಾರೆ. ಒಳಗಡೆ ತಿರುವಿ ಓವರ್‌ಲಾಕ್ ಆಗಿದೆಯೇ, ಹೊಲಿಗೆಯಾಚೆ ಬಿಚ್ಚಿಕೊಳ್ಳಲು ಕನಿಷ್ಠ ಒಂದು ಬೆರಳಿನಷ್ಟು ಬಟ್ಟೆ ಬಿಟ್ಟಿದ್ದಾರೆಯೇ ನೋಡಿ. ಇಲಾಸ್ಟಿಕನ್ನು ಎರಡು ಪಟ್ಟು ಎಳೆದು ಬಿಡಿ. ಅಲೆಅಲೆಯಾಗಿ ಉಳಿದರೆ ಅದನ್ನು ಅಲ್ಲೇ ಬಿಡಿ.

ಬಣ್ಣ ನೋಡಲು ಬಿಳಿ ಕರವಸ್ತ್ರದ ಮೂಲೆ ಒದ್ದೆ ಮಾಡಿ ಬಟ್ಟೆಯ ಒಳಭಾಗಕ್ಕೆ ಹತ್ತು ಸಲ ಉಜ್ಜಿ. ಗಾಢ ಕೆಂಪು, ಕಡು ನೀಲಿ ಒಂದಿಷ್ಟು ಬಿಡುವುದು ಸಹಜ. ಕರವಸ್ತ್ರವೇ ಬಣ್ಣ ತಿರುಗಿದರೆ ಮಗುವಿನ ಬೆವರಿಗೂ ಅದು ಬಿಡುತ್ತದೆ.

'ಪ್ಯೂರ್ ಕಾಟನ್' ಎಂಬ ಮಾತನ್ನು ಮಾತ್ರ ಮನೆಯಲ್ಲಿ ಪರೀಕ್ಷಿಸಬೇಕು. ಒಳಹೊಲಿಗೆಯ ಅಂಚಿನಿಂದ ಬಟ್ಟೆಯ ನೂಲೊಂದನ್ನು ಕಿತ್ತು, ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ ಸುಡಿ. ಹೊಲಿಗೆಯ ದಾರ ಬೇಡ, ಹತ್ತಿ ಅಂಗಿಗೂ ದಾರ ಪಾಲಿಯೆಸ್ಟರಿನದೇ ಇರುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಆದರೆ ಮುದುಡಿ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಎರಡೂ ಬೆರೆತಿದ್ದರೆ ಬೂದಿಯೊಳಗೆ ಗಟ್ಟಿ ಹರಳು ಸಿಗುತ್ತದೆ.

ರಾಯಚೂರಿನ ಏಪ್ರಿಲ್‌ನಲ್ಲಿ ಇದು ಬರೀ ಕುತೂಹಲದ ಮಾತಲ್ಲ. ಪಾರಾ 42 ಡಿಗ್ರಿ ದಾಟಿದ ದಿನ ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ. ಕತ್ತು, ಬೆನ್ನು, ತೊಡೆಸಂದಿಯಲ್ಲಿ ಬೆವರುಸಾಲೆ ಏಳುತ್ತದೆ. ಮೈಗೆ ಹತ್ತಿಕೊಂಡಿರುವ ಬನಿಯನ್, ಚಡ್ಡಿ, ಮಲಗುವ ಅಂಗಿ ಈ ಮೂರಕ್ಕೆ ಅಪ್ಪಟ ಹತ್ತಿಯೇ ಇರಲಿ, ಹೆಚ್ಚು ಕೊಟ್ಟರೂ ಕೊಡಿ. ಹತ್ತಿ ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ. ಈಗ ಮೈಗೆ ಸರಿಯಾಗಿ ಕೂತ ಬನಿಯನ್ ಒಗೆದ ಮೇಲೆ ಹೊಕ್ಕುಳ ತೋರಿಸುತ್ತದೆ, ಒಂದು ಅಳತೆ ದೊಡ್ಡದೇ ತನ್ನಿ.

ಜೀನ್ಸ್ ವಿಷಯದಲ್ಲಿ ನಾವು ಅದೃಷ್ಟವಂತರು

ಬಳ್ಳಾರಿಯವರು ಮಕ್ಕಳ ಜೀನ್ಸಿಗೆ ಮಾಲಿನ ಬೆಲೆ ಕೊಡುವುದೆಂದರೆ ಊರ ಬಾವಿ ಬಿಟ್ಟು ಬಾಟಲಿ ನೀರು ಕೊಂಡ ಹಾಗೆ. ಕತ್ತರಿಸುವವರು, ಹೊಲಿಯುವವರು, ವಾಷಿಂಗ್ ಮಾಡುವವರು ಎಲ್ಲರೂ ಇದೇ ಊರಿನ ಓಣಿಗಳಲ್ಲಿದ್ದಾರೆ. ಹೆಸರಿಲ್ಲದ ಸ್ಥಳೀಯ ಪ್ಯಾಂಟನ್ನೇ ನೋಡಿ ಆರಿಸಿ: ಒಳತೊಡೆಯಲ್ಲಿ ಜೋಡಿ ಹೊಲಿಗೆ, ಕಿಸೆಯ ಮೂಲೆಯಲ್ಲಿ ದಟ್ಟ ಹೊಲಿಗೆ, ಲೋಹದ ಚೈನು, ಮುಟ್ಟಿದರೆ ಮಡಚುವಷ್ಟು ತೆಳ್ಳನೆಯ ಡೆನಿಮ್. ದೊಡ್ಡವರ ದಪ್ಪ ಡೆನಿಮ್ ಓಡಾಡುವ ಮಗುವಿಗೆ ಹಲಗೆ ಕಟ್ಟಿದಂತೆ. ಸೊಂಟದ ಒಳಗಡೆ ಲೋಹದ ಗುಂಡಿಯ ಬೆನ್ನು ಹೊಟ್ಟೆಗೆ ತಾಗುತ್ತಿದ್ದರೆ ಒಂದು ತುಂಡು ಹತ್ತಿ ಬಟ್ಟೆ ಹೊಲಿಸಿ. ಕೆಲ ಮಕ್ಕಳಿಗೆ ನಿಕ್ಕಲ್‌ನಿಂದ ಹೊಕ್ಕುಳ ಕೆಳಗೆ ತುರಿಕೆ ಬರುತ್ತದೆ. ವಾಷಿಂಗ್‌ನ ರಾಸಾಯನಿಕದ ವಾಸನೆ ಇದ್ದರೆ ಹಾಕುವ ಮುಂಚೆ ಎರಡು ಸಲ ಒಗೆಯಿರಿ. ಬೇಸಿಗೆಯಲ್ಲಿ ಜೀನ್ಸ್ ತೊಡಿಸಲೇಬೇಡಿ, ಅದು ಬೇರೆ ಮಾತು.

ಮೂರನೆಯದು: ಕಾಲು

ದುಡ್ಡು ಕೊಡಬೇಕಾದ ಜಾಗ ಇದು. ಪಾದದ ಎಲುಬು ಮಗುವಾಗಿದ್ದಾಗ ಮೆತ್ತಗಿರುತ್ತದೆ. ಬಿಗಿ ಶೂ ಹಾಕಿದರೂ ಮಗು 'ಒತ್ತುತ್ತದೆ' ಎನ್ನದೆ ಹಾಗೇ ನಡೆದುಬಿಡುತ್ತದೆ.

ಹಳ್ಳಿಯಿಂದ ಪೇಟೆಗೆ ಬಂದು, ಮಗುವನ್ನು ಕರೆತರದೇ ಶೂ ಒಯ್ಯುವವರು ಬಹಳ. ಅವರು ಹೀಗೆ ಮಾಡಬಹುದು. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿಕೊಂಡಿರುವಾಗ, ಮಗುವನ್ನು ರಟ್ಟಿನ ಮೇಲೆ ನಿಲ್ಲಿಸಿ. ಕೂರಿಸಿ ಅಳೆದರೆ ಪಾದ ಗಿಡ್ಡ ಬರುತ್ತದೆ. ಹಿಮ್ಮಡಿಯ ತುದಿಗೂ ಉದ್ದ ಬೆರಳಿನ ತುದಿಗೂ ಗುರುತು ಹಾಕಿ. ಎರಡೂ ಕಾಲು ಅಳೆದು ದೊಡ್ಡದನ್ನು ಹಿಡಿಯಿರಿ. ಅದಕ್ಕೆ 1 ಸೆಂಟಿಮೀಟರಿನಿಂದ 1.2 ಸೆಂಟಿಮೀಟರ್ ಸೇರಿಸಿ, ಒಂದು ಬೆರಳು ಅಗಲದ ಪಟ್ಟಿ ಕತ್ತರಿಸಿ ಕಿಸೆಯಲ್ಲಿಟ್ಟುಕೊಳ್ಳಿ. ಅಂಗಡಿಯಲ್ಲಿ ಪಟ್ಟಿಯನ್ನು ಶೂ ಒಳಗೆ ಇಳಿಸಿ. ಮಡಚಿದರೆ ಸಣ್ಣದು, ತುದಿಯಲ್ಲಿ ಇನ್ನೂ ಒಂದು ಬೆರಳು ಜಾಗ ಉಳಿದರೆ ದೊಡ್ಡದು. 'ಮುಂದಿನ ವರ್ಷಕ್ಕೂ ಆಗಲಿ' ಎಂದು ಎರಡು ಅಳತೆ ದೊಡ್ಡದು ಒಯ್ದರೆ ಹಿಮ್ಮಡಿ ಜಾರಿ ಬೊಕ್ಕೆ ಬರುತ್ತದೆ, ಶೂ ತಪ್ಪು ಜಾಗದಲ್ಲಿ ಮಡಚಿ ಸೀಳುತ್ತದೆ. ಆಗ ಈ ವರ್ಷಕ್ಕೂ ಇಲ್ಲ, ಮುಂದಿನ ವರ್ಷಕ್ಕೂ ಇಲ್ಲ.

ಶೂದ ಮೂತಿ ಹಿಡಿದು ಮೇಲೆ ಬಗ್ಗಿಸಿ. ಬೆರಳುಗಳ ಬುಡದಲ್ಲಿ ಬಾಗಬೇಕು, ನಟ್ಟನಡುವೆ ಮಡಚಬಾರದು. ಹಿಮ್ಮಡಿಯ ಭಾಗ ಒತ್ತಿದರೆ ಗಟ್ಟಿ ಇರಬೇಕು. ತಳ ಬರೀ ಅಂಟಿಸಿದ್ದೋ, ಸುತ್ತ ಹೊಲಿದದ್ದೋ ನೋಡಿ. ಹೊಲಿದದ್ದಕ್ಕೆ ನೂರಿನ್ನೂರು ಹೆಚ್ಚು ಕೊಡಬಹುದು. ನಮ್ಮ ಬಿಸಿಲಿಗೆ ಅಂಟು ಮೆತ್ತಗಾಗುತ್ತದೆ. ತೊಳೆದ ಶೂ ಮಾಳಿಗೆಯ ಮೇಲೆ ಮಧ್ಯಾಹ್ನ ಒಣಗಿಸಿದರೆ ತಳ ಬಾಯಿ ಬಿಡುವುದು ಅದಕ್ಕೇ. ನೆರಳಲ್ಲಿ ಗಾಳಿಗೆ ಇಡಿ. ಸಣ್ಣ ಮಕ್ಕಳದ್ದಾದರೆ ಎರಡು ಮೂರು ತಿಂಗಳಿಗೊಮ್ಮೆ, ಶಾಲೆಗೆ ಹೋಗುವವರದ್ದಾದರೆ ನಾಲ್ಕು ತಿಂಗಳಿಗೊಮ್ಮೆ ರಟ್ಟಿನ ಅಳತೆ ಮತ್ತೆ ತೆಗೆಯಿರಿ. ಇನ್ನೊಬ್ಬರು ಸವೆಸಿದ ಶೂ ಕೊಡಬೇಡಿ. ಅದರ ಒಳಗಟ್ಟು ಆ ಮಗುವಿನ ನಡಿಗೆಗೆ ಹೊಂದಿಕೊಂಡಿರುತ್ತದೆ.

ಹೊಲದ ದಾರಿಯಲ್ಲಿ ಓಡಾಡುವ ಮಕ್ಕಳ ಚಪ್ಪಲಿಗೆ ಇನ್ನೊಂದು ಪರೀಕ್ಷೆ ಇದೆ. ಬಳ್ಳಾರಿ ಜಾಲಿ ಎಂದು ಗಿಡಕ್ಕೇ ನಮ್ಮ ಊರಿನ ಹೆಸರಿದೆ, ಅದರ ಮುಳ್ಳು ತೆಳು ಹವಾಯಿಯ ತಳ ದಾಟಿ ಪಾದಕ್ಕೆ ನೆಡುತ್ತದೆ. ತಳಕ್ಕೆ ಹೆಬ್ಬೆರಳ ಉಗುರು ಒತ್ತಿ. ಬ್ರೆಡ್ಡಿನಂತೆ ಒಳಗೆ ಹೋದರೆ ಮುಳ್ಳೂ ಹೋಗುತ್ತದೆ. ಗಟ್ಟಿ ರಬ್ಬರಿನ ತಳ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಸರಿ. ಟೈರ್ ಚಪ್ಪಲಿಗೆ ಮುಳ್ಳು ಹತ್ತುವುದಿಲ್ಲ, ಆದರೆ ಆರು ವರ್ಷದ ಕಾಲಿಗೆ ಅದು ಭಾರ.

ನಾಲ್ಕನೆಯದು: ಸಮವಸ್ತ್ರ ಮತ್ತು ಚೀಲ

ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರ, ಶೂ, ಕಾಲುಚೀಲ ಬರುತ್ತವೆ. ಉಳಿದವರು ಶರ್ಟಿಗೆ ಹತ್ತಿ ಜಾಸ್ತಿ ಇರುವ ಬಟ್ಟೆ, ಪ್ಯಾಂಟು-ಸ್ಕರ್ಟಿಗೆ ಬೆರಕೆ ಬಟ್ಟೆ ಎಂದು ಭಾಗ ಮಾಡಿಕೊಳ್ಳಿ. ಪ್ಯಾಂಟಿಗೆ ಬರೀ ಹತ್ತಿ ಹಾಕಿದರೆ ಮೊಣಕಾಲು ಬೇಗ ಹೋಗುತ್ತದೆ. ರೆಡಿಮೇಡಿಗಿಂತ ಟೈಲರ್ ಹತ್ತಿರ ಹೊಲಿಸಿದರೆ ಕೂಲಿ ಹೆಚ್ಚಾದರೂ ಲಾಭ. ಕೆಳಗೆ ಎರಡು ಇಂಚು ಮಡಿಕೆ, ಪಕ್ಕದಲ್ಲಿ ಒಂದು ಇಂಚು ಬಟ್ಟೆ ಬಿಡಿಸಿಕೊಳ್ಳಿ. ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಕತ್ತರಿಸಿಬಿಡುತ್ತಾರೆ. ಒಂದು ವರ್ಷದ ನಂತರ ಮಡಿಕೆ ಇಳಿಸಿದಾಗ ಹಳೆ ಗೆರೆ ಎದ್ದು ಕಾಣುತ್ತದೆ, ಅದರ ಮೇಲೆ ಅದೇ ಬಣ್ಣದ ದಾರದ ಎರಡು ಸಾಲು ಹೊಲಿಗೆ ಓಡಿಸಿದರೆ ವಿನ್ಯಾಸವೇ ಎನ್ನಿಸುತ್ತದೆ.

ಚೀಲದಲ್ಲಿ ಮೊದಲು ಹೋಗುವುದು ಚೈನಿನ ರನ್ನರ್, ಆಮೇಲೆ ಹೆಗಲಪಟ್ಟಿಯ ಬುಡ. ಪಟ್ಟಿಯ ಬುಡದಲ್ಲಿ ಚೌಕದೊಳಗೆ ಗುಣಿಸು ಗುರುತಿನ ಹೊಲಿಗೆ ಇದೆಯೇ ನೋಡಿ. ರನ್ನರ್ ಹೋದರೆ ಚೀಲ ಎಸೆಯಬೇಡಿ, ಚೀಲ-ಚಪ್ಪಲಿ ಹೊಲಿಯುವವರು ಅಷ್ಟನ್ನೇ ಬದಲಿಸಿಕೊಡುತ್ತಾರೆ. ಖಾಲಿ ಚೀಲವನ್ನೂ ತೂಗಿ. ರಾಜ್ಯದ ಶಿಕ್ಷಣ ಇಲಾಖೆಯ ಪ್ರಕಾರ ಒಂದು, ಎರಡನೇ ತರಗತಿಯ ಚೀಲ ಪುಸ್ತಕ ಸಮೇತ 1.5ರಿಂದ 2 ಕಿಲೋ ಮೀರಬಾರದು, ಮೂರರಿಂದ ಐದಕ್ಕೆ 2ರಿಂದ 3 ಕಿಲೋ. ಕಾರ್ಟೂನು, ಚಕ್ರ, ಗಟ್ಟಿ ಬೆನ್ನು ಇರುವ ತುಟ್ಟಿ ಚೀಲ ಖಾಲಿಯೇ ಒಂದು ಕಿಲೋ ತೂಗಿದರೆ ಅರ್ಧ ಲೆಕ್ಕ ಅಲ್ಲೇ ಮುಗಿಯಿತು.

ಐದನೆಯದು: ತಲೆ

ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂಸು, ಹಿಂದೆ ತಾಯಿ: ನಮ್ಮ ರಸ್ತೆಗಳಲ್ಲಿ ದಿನಾ ಕಾಣುವ ನೋಟ. ಫೆಬ್ರುವರಿ 2022ರಲ್ಲಿ ಹೊರಟು ಒಂದು ವರ್ಷದ ನಂತರ ಜಾರಿಗೆ ಬಂದ ಕೇಂದ್ರದ ನಿಯಮದಂತೆ 9 ತಿಂಗಳಿಂದ 4 ವರ್ಷದ ಮಗುವಿಗೆ ಹೆಲ್ಮೆಟ್, ಓಡಿಸುವವರಿಗೆ ಬಿಗಿದುಕೊಳ್ಳುವ ಸುರಕ್ಷತಾ ಪಟ್ಟಿ ಎರಡೂ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದು. ಪಟ್ಟಿ 30 ಕಿಲೋ ತಡೆಯುವಂತಿರಬೇಕು. ನಾಲ್ಕು ದಾಟಿದವರಿಗೆ ಹೆಲ್ಮೆಟ್ ಕಡ್ಡಾಯ ಎಂಬುದು ಮೋಟಾರು ವಾಹನ ಕಾಯ್ದೆಯಲ್ಲೇ ಇದೆ.

ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು ಟೇಪಿನಿಂದ ತಲೆಯ ಸುತ್ತಳತೆ ತೆಗೆದು, ಸೆಂಟಿಮೀಟರ್ ಹೇಳಿ ಕೊಳ್ಳಿ. ದೊಡ್ಡ ಮಕ್ಕಳ ಮೋಟಾರ್‌ಸೈಕಲ್ ಹೆಲ್ಮೆಟ್ಟಿಗೆ ಐಎಸ್‌ಐ ಗುರುತು, ಐಎಸ್ 4151 ಸಂಖ್ಯೆ ಇರಬೇಕು. ಹಾಕಿ, ಪಟ್ಟಿ ಬಿಗಿದು, ತಲೆ ಅಲ್ಲಾಡಿಸಲು ಹೇಳಿ: ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು. ಗದ್ದದ ಕೆಳಗೆ ಒಂದೆರಡು ಬೆರಳಷ್ಟೇ ಹೋಗಬೇಕು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮಾಕೋಲು ಕುಸಿದಿರುತ್ತದೆ. ಅಣ್ಣನ ಅಂಗಿ ತಮ್ಮನಿಗೆ ಬರಲಿ, ಬಿದ್ದೆದ್ದ ಹೆಲ್ಮೆಟ್ ಬೇಡ.

ಕೈ ಬಿಗಿ ಹಿಡಿಯುವ ಜಾಗಗಳು

ಕೂಸಿನ ಲಂಗೋಟಿಗೆ ಅಂಗಡಿಗೆ ಹೋಗಬೇಕಿಲ್ಲ. ಹಲವು ಸಲ ಒಗೆದು ಮೆತ್ತಗಾದ ಹತ್ತಿ ಧೋತರ, ಸೀರೆಯೇ ಅದಕ್ಕೆ ಮೇಲು. ಕುದಿಯುವ ನೀರಿಗೆ ಹಾಕಿ, ಬಿಸಿಲಿಗೆ ಒಣಗಿಸಿ. ಡೈಪರು ರಾತ್ರಿಗೆ, ಪ್ರಯಾಣಕ್ಕೆ ಮಾತ್ರ ಇದ್ದರೆ ಖರ್ಚೂ ಉಳಿಯುತ್ತದೆ, ತೊಡೆಯೂ ಕೆಂಪಾಗುವುದಿಲ್ಲ. ಸ್ವೆಟರು, ಮಳೆಕೋಟು ನಮ್ಮಲ್ಲಿ ಕೆಲವೇ ವಾರದ ಮಾತು, ಸಂತೆಯದು ಸಾಕು. ಟೊಪ್ಪಿಗೆಯ ಅಂಗಿ ಕೊಳ್ಳುವಾಗ ಕತ್ತಿನ ಲಾಡಿಯನ್ನು ಎಳೆದು ತೆಗೆದುಬಿಡಿ, ತೊಟ್ಟಿಲಿಗೋ ಜಾರುಬಂಡಿಗೋ ಸಿಕ್ಕಿದರೆ ಕತ್ತಿಗೆ ಉರುಳಾಗುತ್ತದೆ. ಕೂಸಿನ ಅಂಗಿಯ ಅಂಟಿಸಿದ ಮುತ್ತು, ಟಿಕಳಿ ಬಾಯಿಗೆ ಹೋಗುತ್ತವೆ, ಅಂಥದ್ದು ಸೋವಿ ಸಿಕ್ಕರೂ ಬೇಡ. ಆಟಿಕೆಗೆ 2021ರಿಂದ ಐಎಸ್‌ಐ ಗುರುತು ಕಡ್ಡಾಯ, ಜಾತ್ರೆಯ ಪ್ಲಾಸ್ಟಿಕ್ ಕೊಳ್ಳುವಾಗಲೂ ತಿರುವಿ ನೋಡಿ.

ಹಬ್ಬದ ಬಟ್ಟೆಯಲ್ಲಿ ಒಂದಕ್ಕೆ ಮಾತ್ರ ರಿಯಾಯಿತಿ: ಗುಳೇದಗುಡ್ಡದ ಖಣದ ಪರಕಾರ-ಪೋಲಕ. ಪರಕಾರವನ್ನು ಉದ್ದ ಬಿಟ್ಟು ಒಳಗೆ ಎರಡು ಮೂರು ಸುತ್ತು ಮಡಿಕೆ ಹಾಕಿ ಹೊಲಿಸಿದರೆ ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಾ ಮೂರು ಹಬ್ಬ ದಾಟಿಸಬಹುದು. ಆಮೇಲೆ ಅದೇ ಬಟ್ಟೆ ಮುಂದಿನ ಕೂಸಿನ ಕುಂಚಿಗೆಯಾಗುತ್ತದೆ.

ಒಗೆಯುವಾಗ

ಸಂಡೂರು ಕಡೆಯ ಕೆಂಪು ಧೂಳು, ರಾಯಚೂರು ಕಡೆಯ ಎರೆಮಣ್ಣು, ಎರಡಕ್ಕೂ ಮೊದಲ ಮದ್ದು ನೀರಲ್ಲ. ಒಣಗಲು ಬಿಟ್ಟು ಕೊಡವಿ, ಬ್ರಷ್‌ನಿಂದ ಉದುರಿಸಿ, ಆಮೇಲೆ ತಣ್ಣೀರಿಗೆ ಹಾಕಿ. ಕೆಂಪು ಧೂಳಿನಲ್ಲಿ ಇರುವುದು ಕಬ್ಬಿಣ. ಅದಕ್ಕೆ ಬ್ಲೀಚಿಂಗ್ ಪುಡಿ ಹಾಕಿದರೆ ಕಲೆ ಹೋಗುವ ಬದಲು ಗಟ್ಟಿ ಕೂರುತ್ತದೆ. ನಿಂಬೆರಸ, ಉಪ್ಪು ಹಚ್ಚಿ ಅರ್ಧ ಗಂಟೆ ಬಿಟ್ಟು ಚೆನ್ನಾಗಿ ಜಾಲಿಸಿ, ಬಣ್ಣದ ಬಟ್ಟೆಯಾದರೆ ಮೂಲೆಯಲ್ಲಿ ಪರೀಕ್ಷಿಸಿ. ಬೋರಿನ ಗಡುಸು ನೀರಿನಲ್ಲಿ ಸಾಬೂನು ನೊರೆಯಾಗದೆ ಬಟ್ಟೆಗೇ ಮೆತ್ತಿಕೊಂಡು ಬಿಳಿ ಶರ್ಟು ಮಂಕಾಗುತ್ತದೆ, ಅಂಥಲ್ಲಿ ಬಾರ್ ಸಾಬೂನಿಗಿಂತ ಡಿಟರ್ಜೆಂಟ್ ಪುಡಿ ಒಳ್ಳೆಯದು, ಕೊನೆಯ ಜಾಲಾಟಕ್ಕೆ ಸಿಹಿನೀರು ಸಿಕ್ಕರೆ ಇನ್ನೂ ಒಳ್ಳೆಯದು. ಬಂಡೆಗೆ ಬಡಿಯುವುದಾದರೆ ಗುಂಡಿ ಒಳಗೆ ಬರುವಂತೆ ಅಂಗಿ ತಿರುವಿ ಬಡಿಯಿರಿ. ಇಲಾಸ್ಟಿಕ್ ಇರುವುದನ್ನು ಬಡಿಯಲೂ ಬೇಡಿ, ನಡುಮಧ್ಯಾಹ್ನದ ಬಿಸಿಲಿಗೆ ಹರವಲೂ ಬೇಡಿ.