ನಿಮ್ಮ ಸಂಸ್ಥೆಯ ಹೆಸರಿನಲ್ಲಿ ಸ್ಪ್ಯಾಮ್ ಹೋಗದಂತೆ ಮೇಲ್ ಸರ್ವರ್ ನೋಂದಾಯಿಸುವ ಕ್ರಮ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಅಗರಬತ್ತಿ ಕಾರ್ಖಾನೆಯ ವಿಳಾಸದಿಂದ ಗ್ರಾಹಕರಿಗೆ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿ ಹಣವನ್ನು ಈ ಹೊಸ ಖಾತೆಗೆ ಹಾಕಿ’ ಎಂಬ ಮೇಲ್ ಹೋಯಿತು ಎಂದುಕೊಳ್ಳಿ. ಇದಕ್ಕೆ ಕಾರ್ಖಾನೆಯ ಪಾಸ್‌ವರ್ಡ್ ಕಳುವಾಗಿರಬೇಕೆಂದೇನೂ ಇಲ್ಲ. ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿ 1982ರಲ್ಲಿ ಪ್ರಕಟವಾದಾಗ, ಕಳುಹಿಸುವವರು ಬರೆದುಕೊಂಡ ಹೆಸರು ನಿಜವೇ ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ಅಂಚೆ ಲಕೋಟೆಯ ಮೇಲೆ ‘ಇಂದ’ ಎಂಬಲ್ಲಿ ಯಾರ ಹೆಸರನ್ನಾದರೂ ಬರೆಯಬಹುದಾದಂತೆ ಇಲ್ಲಿಯೂ ಬರೆಯಬಹುದಿತ್ತು. ತಮ್ಮ ಡೊಮೇನ್ (ಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಭಾಗ) ಹೆಸರಿನಲ್ಲಿ ಮೇಲ್ ಕಳುಹಿಸುವ ಅಧಿಕಾರ ಯಾವ ಸರ್ವರ್‌ಗಳಿಗಿದೆ ಎಂಬುದನ್ನು ಡೊಮೇನ್ ಮಾಲೀಕರೇ ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್‌ಗಳ ವಿವರವಿರುವ ಇಂಟರ್‌ನೆಟ್‌ನ ಸಾರ್ವಜನಿಕ ದಾಖಲೆಯಲ್ಲಿ, ನೋಂದಾಯಿಸಿ ಬಹಿರಂಗಪಡಿಸುವುದು ಈ ಕೊರತೆಗೆ ಇಂದು ಇರುವ ಪರಿಹಾರ.

ಕಂಪ್ಯೂಟರ್ ಮುಂದೆ ಕೂರುವುದಕ್ಕೆ ಮೊದಲು ಕಾಗದದ ಮೇಲೆ ಒಂದು ಪಟ್ಟಿ ಮಾಡಿಕೊಳ್ಳಬೇಕು. ಇಡೀ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಮಂಡ್ಯದ ಒಂದು ಪದವಿ ಕಾಲೇಜನ್ನೇ ನೋಡಿ: ಪ್ರಾಂಶುಪಾಲರ ಕಚೇರಿಯ ಮೇಲ್ ಗೂಗಲ್ ವರ್ಕ್‌ಸ್ಪೇಸ್‌ನಿಂದ ಹೋಗುತ್ತದೆ, ಶುಲ್ಕದ ರಸೀದಿಯನ್ನು ಹೊರಗಿನ ಸಾಫ್ಟ್‌ವೇರ್ ಕಂಪನಿಯ ಸರ್ವರ್ ಕಳುಹಿಸುತ್ತದೆ, ಗ್ರಂಥಾಲಯದ ಜ್ಞಾಪನೆಗಳು ಕಾಲೇಜಿನ ಕೊಠಡಿಯಲ್ಲಿರುವ ಹಳೆಯ ಯಂತ್ರದಿಂದ ಹೊರಡುತ್ತವೆ. ಇವುಗಳಲ್ಲಿ ಒಂದನ್ನು ಬಿಟ್ಟು ನೋಂದಾಯಿಸಿದರೂ ಆ ಮೇಲ್‌ಗಳು ನಕಲಿ ಎಂದು ಎಣಿಸಲ್ಪಟ್ಟು ವಿದ್ಯಾರ್ಥಿಗಳ ಸ್ಪ್ಯಾಮ್ ಪೆಟ್ಟಿಗೆ ಸೇರಬಹುದು. ಆದ್ದರಿಂದ ಕಂಪ್ಯೂಟರ್ ನೋಡಿಕೊಳ್ಳುವವರನ್ನು ಮಾತ್ರವಲ್ಲದೆ ಲೆಕ್ಕಪತ್ರ ವಿಭಾಗದವರನ್ನೂ ಕೇಳಬೇಕು. ಯಾವ ಸೇವೆಗೆ ಸಂಸ್ಥೆ ಹಣ ಕಟ್ಟುತ್ತಿದೆ ಎಂಬುದು ಅವರ ಬಿಲ್ಲುಗಳಲ್ಲಿ ಸಿಗುತ್ತದೆ.

ಪಟ್ಟಿ ಸಿದ್ಧವಾದ ಮೇಲೆ ನೀವು ಯಾವ ಕಂಪನಿಯಿಂದ ಡೊಮೇನ್ ಕೊಂಡಿರೋ ಅಲ್ಲಿನ ನಿಮ್ಮ ಖಾತೆಗೆ ಹೋಗಿ, ಡಿಎನ್‌ಎಸ್ ವಿಭಾಗದಲ್ಲಿ ಎಸ್‌ಪಿಎಫ್ ದಾಖಲೆಯನ್ನು, ಅಂದರೆ ಅಧಿಕಾರವಿರುವ ಸರ್ವರ್‌ಗಳ ಪಟ್ಟಿಯನ್ನು, ಟೆಕ್ಸ್ಟ್ ರೆಕಾರ್ಡ್ ಆಗಿ ಸೇರಿಸಿ. ಆ ಸರ್ವರ್‌ಗಳ ಐಪಿ ವಿಳಾಸಗಳು (ಇಂಟರ್‌ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆಗಳು) ಮತ್ತು ಸೇವಾದಾತರು ತಮ್ಮ ಸರ್ವರ್‌ಗಳ ಪಟ್ಟಿಯನ್ನು ಸೇರಿಸಿಕೊಳ್ಳಲು ಕೊಟ್ಟ ಇನ್‌ಕ್ಲೂಡ್ ಹೆಸರುಗಳು ಅದರಲ್ಲಿರಬೇಕು. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕೆಂಬುದು ನಿಯಮ. ಹೊಸ ಸೇವೆಗೆಂದು ಎರಡನೆಯದನ್ನು ಸೇರಿಸಿದರೆ ಪರೀಕ್ಷೆಯೇ ದೋಷವೆಂದು ಮುಗಿಯುತ್ತದೆ. ಹಾಗಾಗಿ ಇರುವ ಸಾಲಿನಲ್ಲಿಯೇ ಹೊಸದನ್ನು ಹೊಂದಿಸಬೇಕು. ಇನ್‌ಕ್ಲೂಡ್ ಮೊದಲಾದವುಗಳಿಂದ ಆಗುವ ಡಿಎನ್‌ಎಸ್ ಹುಡುಕಾಟಗಳು ಒಟ್ಟು 10ನ್ನು ಮೀರುವಂತಿಲ್ಲ. ಸಾಲಿನ ಕೊನೆಯ ‘ಆಲ್’ ಪದಕ್ಕೆ ಮುಂಚೆ, ಮೊದಮೊದಲು ಟಿಲ್ಡ್ (~) ಚಿಹ್ನೆ ಇರಲಿ. ಪಟ್ಟಿಯಲ್ಲಿ ಇಲ್ಲದ ಸರ್ವರ್ ಅನುಮಾನಾಸ್ಪದ ಎಂದು ಅದು ಹೇಳುತ್ತದೆ. ಅಲ್ಲಿ ಮೈನಸ್ ಹಾಕಿದರೆ ಅಂತಹ ಸರ್ವರ್‌ಗೆ ಅಧಿಕಾರವೇ ಇಲ್ಲ ಎಂದು ಸಾರಿದಂತಾಗುತ್ತದೆ.

ಎಸ್‌ಪಿಎಫ್ ಒಂದರಿಂದಲೇ ಕೆಲಸ ಮುಗಿಯುವುದಿಲ್ಲ. ಅದು ಪರೀಕ್ಷಿಸುವುದು ಸರ್ವರ್‌ಗಳ ನಡುವೆ ವಿನಿಮಯವಾಗುವ, ತಲುಪದ ಮೇಲ್ ಹಿಂದಿರುಗಬೇಕಾದ ವಿಳಾಸವನ್ನು. ಓದುಗರ ಕಣ್ಣಿಗೆ ಬೀಳುವ ‘ಫ್ರಮ್’ ವಿಳಾಸ ಬೇರೆಯದೇ ಇರಬಹುದು. ಅಲ್ಲದೆ, ಯಾರಾದರೂ ತಮ್ಮ ಮೇಲನ್ನು ತಾನಾಗಿಯೇ ಬೇರೊಂದು ಖಾತೆಗೆ ಫಾರ್ವರ್ಡ್ ಆಗುವಂತೆ ಇಟ್ಟುಕೊಂಡಿದ್ದರೆ, ನಡುವಿನ ಸರ್ವರ್ ನಿಮ್ಮ ಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ ಎಸ್‌ಪಿಎಫ್ ಸೋಲುತ್ತದೆ. ಇಲ್ಲಿ ನೆರವಿಗೆ ಬರುವುದು ಡಿಕಿಮ್. ಕಳುಹಿಸುವ ಸರ್ವರ್ ಪ್ರತಿ ಮೇಲ್‌ಗೂ ಗುಪ್ತ ಕೀಲಿಯಿಂದ ಸಹಿ ಹಾಕುತ್ತದೆ, ಅದರ ಸಾರ್ವಜನಿಕ ಕೀಲಿಯನ್ನು ನೀವು ಡಿಎನ್‌ಎಸ್‌ನಲ್ಲಿ ಇಡುತ್ತೀರಿ. ದಾರಿಯಲ್ಲಿ ಪತ್ರದ ಒಳವಸ್ತು ಬದಲಾಗದಿದ್ದರೆ ಫಾರ್ವರ್ಡ್ ಆದರೂ ಸಹಿ ಉಳಿಯುತ್ತದೆ. ಕೀಲಿ 2048 ಬಿಟ್‌ನದಾಗಿರಲಿ. ಆ ಕೀಲಿ ಉದ್ದವಾಗಿರುವುದರಿಂದ, ಟೆಕ್ಸ್ಟ್ ರೆಕಾರ್ಡ್‌ನ ಒಂದು ತುಂಡಿಗಿರುವ 255 ಅಕ್ಷರಗಳ ಮಿತಿಗೆ ಒಳಪಟ್ಟು ಅದನ್ನು ಎರಡು ತುಂಡಾಗಿ ಬರೆಯಬೇಕಾಗಬಹುದು.

ಮೂರನೆಯದು ಡಿಮಾರ್ಕ್. ಕಣ್ಣಿಗೆ ಕಾಣುವ ವಿಳಾಸದ ಡೊಮೇನ್‌ಗೂ ಎಸ್‌ಪಿಎಫ್ ಅಥವಾ ಡಿಕಿಮ್ ದೃಢಪಡಿಸಿದ ಡೊಮೇನ್‌ಗೂ ತಾಳೆಯಾಗದಿದ್ದರೆ ಆ ಮೇಲನ್ನು ಏನು ಮಾಡಬೇಕೆಂದು ಪಡೆಯುವವರಿಗೆ ಅದು ತಿಳಿಸುತ್ತದೆ. ಮೊದಲು ‘ನನ್’ (none, ಯಾವ ಕ್ರಮವೂ ಬೇಡ) ಎಂಬ ನೀತಿಯನ್ನಿಟ್ಟು, ವರದಿ ಬರಲು ಒಂದು ಮೇಲ್ ವಿಳಾಸವನ್ನು ಕೊಡಿ. ಗೂಗಲ್‌ನಂತಹ ದೊಡ್ಡ ಸೇವೆಗಳಿಂದ ಸಾಮಾನ್ಯವಾಗಿ ದಿನಕ್ಕೊಂದು ವರದಿ ಬರುತ್ತದೆ; ಯಾವ ಐಪಿ ವಿಳಾಸದಿಂದ ನಿಮ್ಮ ಹೆಸರಿನಲ್ಲಿ ಎಷ್ಟು ಮೇಲ್ ಬಂತು, ಎರಡೂ ಪರೀಕ್ಷೆಗಳ ಫಲಿತಾಂಶವೇನು ಎಂಬುದು ಅದರಲ್ಲಿರುತ್ತದೆ. ನಿಮ್ಮ ಶುಲ್ಕ ಸಾಫ್ಟ್‌ವೇರ್‌ನ ಐಪಿಯ ಮುಂದೆ ‘ಫೇಲ್’ ಎಂದು ಕಂಡರೆ ಅದನ್ನು ಸರಿಪಡಿಸಿ. ಎಂದೂ ಕೇಳದ ಐಪಿಯಿಂದ ನೂರಾರು ಮೇಲ್ ಹೋಗಿ ‘ಫೇಲ್’ ಆಗಿದ್ದರೆ ಬಹುತೇಕ ಅದೇ ನೀವು ತಡೆಯಬೇಕಾದ ಸ್ಪ್ಯಾಮ್. ಸಂಬಳ, ಪರೀಕ್ಷಾ ಶುಲ್ಕದಂತಹ ತಿಂಗಳಿಗೊಮ್ಮೆ ಹೋಗುವ ಮೇಲ್‌ಗಳೂ ಕಣ್ಣಿಗೆ ಬೀಳುವಷ್ಟು ಕಾಲ ಕಾದು, ನಂತರ ‘ಕ್ವಾರಂಟೀನ್’ಗೂ (ಸ್ಪ್ಯಾಮ್ ಪೆಟ್ಟಿಗೆಗೆ ಹಾಕಿ) ಕೊನೆಗೆ ‘ರಿಜೆಕ್ಟ್’ಗೂ (ತಿರಸ್ಕರಿಸಿ) ಏರಿಸಿ. ‘ನನ್’ನಲ್ಲಿಯೇ ನಿಂತುಬಿಟ್ಟರೆ ನಕಲಿ ಮೇಲ್‌ಗೆ ನೀವು ತಡೆ ಕೇಳಿದಂತಾಗುವುದಿಲ್ಲ.

ಕಚೇರಿಯಲ್ಲಿಯೇ ಸ್ವಂತ ಮೇಲ್ ಸರ್ವರ್ ಇಟ್ಟವರು ಸ್ಥಿರ ಐಪಿ ಪಡೆದು, ಅದರ ರಿವರ್ಸ್ ಡಿಎನ್‌ಎಸ್ ಹೆಸರನ್ನು (ಐಪಿ ಸಂಖ್ಯೆ ಹುಡುಕಿದರೆ ಸಿಗುವ ಸರ್ವರ್ ಹೆಸರು) ದಾಖಲಿಸುವಂತೆ ಇಂಟರ್‌ನೆಟ್ ಸೇವಾದಾತರಿಗೆ ಲಿಖಿತವಾಗಿ ಮನವಿ ಕೊಡಬೇಕು, ಏಕೆಂದರೆ ಇದು ಸಾಮಾನ್ಯವಾಗಿ ಡೊಮೇನ್ ಖಾತೆಯಿಂದ ಆಗುವ ಕೆಲಸವಲ್ಲ. ಬದಲಾಗುತ್ತಿರುವ ಐಪಿಯ ಸಾಮಾನ್ಯ ಬ್ರಾಡ್‌ಬ್ಯಾಂಡ್‌ನಿಂದ ನೇರವಾಗಿ ಮೇಲ್ ಕಳುಹಿಸಬೇಡಿ. ಸ್ಪ್ಯಾಮ್ ಮೂಲಗಳ ಮೇಲೆ ಕಣ್ಣಿಡುವ ಸ್ಪಾಮ್‌ಹೌಸ್ ಸಂಸ್ಥೆ ಅಂತಹ ವಿಳಾಸಗಳ ಪಟ್ಟಿಯನ್ನೇ ಇಟ್ಟಿದೆ, ಅನೇಕ ಸರ್ವರ್‌ಗಳು ಅದನ್ನು ನೋಡಿ ಬಾಗಿಲಲ್ಲೇ ತಿರಸ್ಕರಿಸುತ್ತವೆ.

ಇವೆಲ್ಲ ನಿಮ್ಮ ಹೆಸರನ್ನು ಕಾಯುತ್ತವೆ. ನಿಮ್ಮ ಇನ್‌ಬಾಕ್ಸ್‌ಗೆ ಬರುವ ಸ್ಪ್ಯಾಮ್ ಕಡಿಮೆಯಾಗಬೇಕಾದರೆ, ಒಳಬರುವ ಮೇಲ್‌ಗಳ ಮೇಲೂ ಇದೇ ಮೂರು ಪರೀಕ್ಷೆಗಳನ್ನು ನಿಮ್ಮ ಸರ್ವರ್‌ನಲ್ಲಿ ಚಾಲೂ ಮಾಡಬೇಕು. ಸ್ಪ್ಯಾಮ್ ಕಳುಹಿಸುವವರೂ ತಮ್ಮದೇ ಡೊಮೇನ್ ಕೊಂಡು ಸರಿಯಾಗಿ ನೋಂದಾಯಿಸಬಲ್ಲರು ಎಂಬುದು ನಿಜ. ಆದರೆ ಆಗ ಅವರು ತಮ್ಮ ಹೆಸರಿನಲ್ಲಿಯೇ ಕಳುಹಿಸಬೇಕಾಗುವುದರಿಂದ ಆ ಹೆಸರನ್ನು ಗುರುತಿಸಿ ತಡೆಯುವುದು ಸುಲಭವಾಗುತ್ತದೆ. ಜಿಮೇಲ್ ಮತ್ತು ಯಾಹೂ 2024ರ ಫೆಬ್ರುವರಿಯಿಂದ ಸಗಟಾಗಿ ಮೇಲ್ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿವೆ. ಜಿಮೇಲ್ ಲೆಕ್ಕದಲ್ಲಿ ಸಗಟು ಎಂದರೆ ಜಿಮೇಲ್ ಖಾತೆಗಳಿಗೆ ದಿನಕ್ಕೆ ಸುಮಾರು 5,000 ಅಥವಾ ಅದಕ್ಕೂ ಹೆಚ್ಚು ಮೇಲ್.

ಎಲ್ಲ ಮುಗಿದ ಮೇಲೆ ಪ್ರತಿ ಮೂಲದಿಂದಲೂ ನಿಮ್ಮ ಸ್ವಂತ ಜಿಮೇಲ್ ಖಾತೆಗೆ ಒಂದೊಂದು ಮೇಲ್ ಕಳುಹಿಸಿ, ಮೂರು ಚುಕ್ಕಿಗಳ ಮೆನುವಿನಲ್ಲಿ ಮೂಲವನ್ನು ತೋರಿಸುವ ಆಯ್ಕೆಯನ್ನು ಒತ್ತಿ, ಮೂರರ ಮುಂದೆಯೂ ‘ಪಾಸ್’ ಇದೆಯೇ ನೋಡಿ. ಸಾಫ್ಟ್‌ವೇರ್ ಕಂಪನಿಯ ಗುತ್ತಿಗೆ ಮುಗಿದ ದಿನವೇ ಅದರ ಸರ್ವರ್‌ನ ಹೆಸರನ್ನು ಎಸ್‌ಪಿಎಫ್‌ನಿಂದ, ಅದರ ಕೀಲಿಯನ್ನು ಡಿಎನ್‌ಎಸ್‌ನಿಂದ ತೆಗೆದುಹಾಕಿ. ಅಲ್ಲಿಯವರೆಗೂ ನಿಮ್ಮ ಹೆಸರಿನಲ್ಲಿ ಮೇಲ್ ಕಳುಹಿಸುವ ಅಧಿಕಾರ ಅವರ ಕೈಯಲ್ಲಿಯೇ ಉಳಿದಿರುತ್ತದೆ.